ಹರಾಜಿನಲ್ಲಿ ಹಳೆಯ ಮಸಲ್ ಕಾರು ಕೊಳ್ಳುವ ಮುನ್ನ

ಪ್ರಶ್ನೆ: ನಾವು ಹಾಸನದ ಕಡೆಯವರು, ಬಹಳ ವರ್ಷಗಳಿಂದ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನೆಲೆಸಿದ್ದೇವೆ. 1970ರ ಷೆವರ್ಲೆ ಷೆವೆಲ್ ಎಸ್‌ಎಸ್ 454 ಎಂಬ ಮಸಲ್ ಕಾರೊಂದನ್ನು, ಅಂದರೆ ದೊಡ್ಡ ಎಂಜಿನ್ನಿನ ವೇಗದ ಅಮೆರಿಕನ್ ಕಾರನ್ನು, ಕೊಳ್ಳಬೇಕೆಂಬುದು ನನ್ನ ಹಳೆಯ ಆಸೆ. ಬರುವ ಜನವರಿಯಲ್ಲಿ ಫ್ಲಾರಿಡಾದ ಕಿಸಿಮ್ಮಿಯಲ್ಲಿ ನಡೆಯುವ ಮೀಕಮ್ ಸಂಸ್ಥೆಯ ಕಾರು ಹರಾಜಿಗೆ ಹೋಗಬೇಕೆಂದಿದ್ದೇನೆ. 90,000 ಡಾಲರ್ ತೆಗೆದಿರಿಸಿದ್ದೇನೆ. ‘ನಂಬರ್ಸ್ ಮ್ಯಾಚಿಂಗ್ ಎಂದು ಬರೆದಿದ್ದರೆ ಕಣ್ಣು ಮುಚ್ಚಿಕೊಂಡು ತೆಗೆದುಕೋ’ ಎಂದು ಗೆಳೆಯರು ಹೇಳುತ್ತಾರೆ. ಇದರಲ್ಲಿರುವ ಅಪಾಯಗಳೇನು? ಮುಂದೆ ಊರಿಗೆ ಮರಳಿದರೆ ಕಾರನ್ನು ಬೆಂಗಳೂರಿಗೆ ತರಿಸಿಕೊಳ್ಳಲು ಸಾಧ್ಯವೇ?

ಉತ್ತರ: ಹಳೆಯ ಕಾರು ಎಂದೊಡನೆ ಎಂಜಿನ್ ಕೈಕೊಟ್ಟೀತು, ಗೇರ್‌ಬಾಕ್ಸ್ ಹೋದೀತು ಎಂಬ ಅಂಜಿಕೆಯೇ ಮೊದಲು ಬರುತ್ತದೆ. ನೀವು ಆರಿಸಿಕೊಂಡಿರುವ ಕಾರಿನ ಮಟ್ಟಿಗೆ ಅದು ಸಣ್ಣ ಅಪಾಯ. ಷೆವೆಲ್‌ನ ಬಿಡಿಭಾಗಗಳು ಇಂದಿಗೂ ಧಾರಾಳವಾಗಿ ಸಿಗುತ್ತವೆ, ಕೆಟ್ಟದ್ದನ್ನು ದುಡ್ಡು ಕೊಟ್ಟು ಸರಿಪಡಿಸಬಹುದು. ಸರಿಪಡಿಸಲಾಗದ ಅಪಾಯ ಬೇರೆಯದು: ಎಸ್‌ಎಸ್ 454 (ಅಂದರೆ 454 ಘನ ಇಂಚಿನ ಎಂಜಿನ್ನಿನ ಸೂಪರ್ ಸ್ಪೋರ್ಟ್) ಎಂದು ನೀವು ಹಣ ಕೊಟ್ಟ ಕಾರು ಕಾರ್ಖಾನೆಯಿಂದ ಹೊರಬಂದಾಗ ಷೆವೆಲ್‌ನದೇ ಸಾಧಾರಣ ರೂಪವಾದ ಮಾಲಿಬು ಆಗಿದ್ದಿರಬಹುದು. ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ ಎಂಬ ಅದೇ ಅನುಕೂಲವೇ ಇಲ್ಲಿ ಮುಳುವಾಗುತ್ತದೆ, ಏಕೆಂದರೆ ಬಾನೆಟ್ಟಿನ ಪಟ್ಟೆಗಳಿಂದ ಹಿಡಿದು ಡ್ಯಾಶ್‌ಬೋರ್ಡಿನ ಗುಂಡು ಮೀಟರುಗಳವರೆಗೆ ಎಸ್‌ಎಸ್‌ನ ಪ್ರತಿಯೊಂದು ಹೊರಗುರುತೂ ಹೊಸದಾಗಿ ತಯಾರಾಗಿ ಕ್ಯಾಟಲಾಗಿನಲ್ಲಿ ಮಾರಾಟಕ್ಕಿದೆ.

ಷೆವೆಲ್‌ನಲ್ಲಿ ಈ ತೊಡಕು ಏಕಿಷ್ಟು ದೊಡ್ಡದು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1966ರಿಂದ 1968ರವರೆಗೆ ಎಸ್‌ಎಸ್ 396 ಒಂದು ಪ್ರತ್ಯೇಕ ಮಾಡೆಲ್ ಆಗಿತ್ತು. ಅದರ ವಿನ್, ಅಂದರೆ ವಾಹನದ ಗುರುತಿನ ಸಂಖ್ಯೆ, 138 ಎಂಬ ಅಂಕಿಗಳಿಂದಲೇ ಆರಂಭವಾಗುತ್ತಿತ್ತು. 1969ರಿಂದ ಎಸ್‌ಎಸ್ ಎಂಬುದು ಗಿರಾಕಿ ಹೆಚ್ಚುವರಿ ಹಣ ಕೊಟ್ಟು ಪಡೆಯುವ ಆಪ್ಷನ್ ಆಯಿತು. 1970ರ ಎರಡು ಬಾಗಿಲಿನ ವಿ8 ಮಾಲಿಬು ಹಾರ್ಡ್‌ಟಾಪ್‌ಗಳ ವಿನ್ 13637 ಎಂದು ಶುರುವಾಗಿ, ವರ್ಷದ ಅಂಕಿ, ಕಾರ್ಖಾನೆಯ ಅಕ್ಷರ ಹಾಗೂ ಆರು ಅಂಕಿಗಳ ಕ್ರಮಸಂಖ್ಯೆ ಸೇರಿ ಒಟ್ಟು ಹದಿಮೂರಕ್ಕೆ ಮುಗಿಯುತ್ತದೆ. ಮನೆಮಂದಿ ಓಡಾಡಲು ಕೊಂಡ 307 ಎಂಜಿನ್ನಿನ ಕಾರಿಗೂ 454ರಲ್ಲೇ ಹೆಚ್ಚು ಬಲದ, 450 ಅಶ್ವಶಕ್ತಿಯ ಎಲ್‌ಎಸ್6 ಎಂಜಿನ್ನಿನ ಕಾರಿಗೂ ಮೊದಲ ಐದು ಅಂಕಿಗಳು ಒಂದೇ. ಎಂಜಿನ್ನನ್ನು ಸೂಚಿಸುವ ಅಕ್ಷರ ಷೆವರ್ಲೆಯ ವಿನ್‌ಗೆ ಸೇರಿದ್ದು 1972ರಲ್ಲಿ. ಎಂಜಿನ್ನಿನ ಹಿಂದಿರುವ ಗೋಡೆಗೆ ಬಡಿದ ಟ್ರಿಮ್ ಟ್ಯಾಗ್ ಬಣ್ಣ, ಸೀಟಿನ ಬಟ್ಟೆ, ಬಾಡಿ ತಯಾರಾದ ವಾರ ಇವನ್ನು ತಿಳಿಸುತ್ತದೆ. ಎಸ್‌ಎಸ್ ಹೌದೋ ಅಲ್ಲವೋ ಎಂಬುದನ್ನು ಸಾಮಾನ್ಯವಾಗಿ ತಿಳಿಸುವುದಿಲ್ಲ. 1970ರಲ್ಲಿ ಎಲ್‌ಎಸ್6 ಎಂಜಿನ್ ಪಡೆದ ಷೆವೆಲ್ ಮತ್ತು ಅದರ ಪಿಕಪ್ ರೂಪವಾದ ಎಲ್ ಕಮೀನೋ ವಾಹನಗಳ ಒಟ್ಟು ಸಂಖ್ಯೆ 4,475. ಅರ್ಧ ಶತಮಾನದ ಅಪಘಾತ, ರೇಸು ಮತ್ತು ತುಕ್ಕು ಕಳೆದ ಮೇಲೂ ಮಾರುಕಟ್ಟೆಯಲ್ಲಿ ಅವುಗಳಿಗೆ ಬರವಿಲ್ಲದಂತೆ ಕಾಣುತ್ತದೆ. ಅದರ ಅರ್ಥ ನಿಮಗೇ ಹೊಳೆಯುತ್ತದೆ.

ಇನ್ನು ನಿಮ್ಮ ಗೆಳೆಯರ ‘ನಂಬರ್ಸ್ ಮ್ಯಾಚಿಂಗ್’. ಈ ಮಾತಿಗೆ ಎಲ್ಲರೂ ಒಪ್ಪಿದ ವ್ಯಾಖ್ಯೆಯಿಲ್ಲ. ಕಟ್ಟುನಿಟ್ಟಾದ ಅರ್ಥದಲ್ಲಿ, ಎಂಜಿನ್ ಬ್ಲಾಕಿನ ಮೇಲೆ ಒತ್ತಿರುವ ಕ್ರಮಸಂಖ್ಯೆಯೂ ಕಾರಿನ ವಿನ್ ಕೂಡ ಒಂದೇ ಆಗಿರಬೇಕು, ಅಂದರೆ ಆ ಎಂಜಿನ್ ಆ ಕಾರಿನಲ್ಲಿಯೇ ಹುಟ್ಟಿರಬೇಕು. ಸಡಿಲವಾಗಿ ಬಳಸುವವರು, ಎರಕದ ಸಂಖ್ಯೆಯೂ ತಾರೀಖೂ ಆ ಕಾಲಕ್ಕೆ ಹೊಂದಿದರೆ ಸಾಕೆಂದು ಬೇರೊಂದು ಕಾರಿನ ಬ್ಲಾಕಿಗೂ ಅದೇ ಹೆಸರು ಕೊಡುತ್ತಾರೆ. ಆದ್ದರಿಂದ ಮಾತನ್ನು ಬಿಟ್ಟು ಲೋಹವನ್ನು ನೋಡಬೇಕು. ಬಲಗಡೆಯ, ಅಂದರೆ ಅಮೆರಿಕದ ಕಾರಿನಲ್ಲಿ ಪ್ರಯಾಣಿಕರ ಕಡೆಯ ಸಿಲಿಂಡರ್ ಹೆಡ್ಡಿನ ಮುಂಭಾಗದಲ್ಲಿ, ಬ್ಲಾಕಿನ ಮೇಲೆ ಒಂದು ಪುಟ್ಟ ಸಮತಟ್ಟು ಜಾಗವಿದೆ. ಅಲ್ಲಿ ಎಂಜಿನ್ ಕಾರ್ಖಾನೆಯ ಅಕ್ಷರ, ಜೋಡಣೆಯ ತಿಂಗಳು ಮತ್ತು ದಿನ, ಕೊನೆಗೆ ಮೂರಕ್ಷರದ ಸಂಕೇತ ಇರುತ್ತವೆ. T0218CRV ಎಂದಿದ್ದರೆ ಟೊನವಾಂಡಾ ಕಾರ್ಖಾನೆಯಲ್ಲಿ ಫೆಬ್ರವರಿ 18ರಂದು ಜೋಡಿಸಿದ, ಮ್ಯಾನ್ಯುಯಲ್ ಗೇರಿನ ಎಲ್‌ಎಸ್6 ಎಂದು ಓದಬೇಕು. 1968ರ ಮಾಡೆಲ್‌ನಿಂದ ಮೊದಲ್ಗೊಂಡು ವಿನ್‌ನ ಒಂದು ಭಾಗವನ್ನೂ ಎಂಜಿನ್ ಮೇಲೆ ಒತ್ತುವುದು ಕಡ್ಡಾಯವಾಯಿತು. ಬ್ಲಾಕನ್ನು ಎರಕ ಹೊಯ್ದ ತಾರೀಖು ಮೊದಲು, ಎಂಜಿನ್ ಜೋಡಿಸಿದ ತಾರೀಖು ಅದರ ನಂತರ, ಕಾರು ತಯಾರಾದ ವಾರ ಅದಕ್ಕೂ ನಂತರ ಬರಬೇಕು. ಎಂಜಿನ್ನಿಗಿಂತ ಕಾರೇ ಮೊದಲು ಹುಟ್ಟಿದ ಉದಾಹರಣೆಗಳು ಹರಾಜಿನ ಅಂಗಳದಲ್ಲಿ ನಿಜವಾಗಿಯೂ ಕಾಣಸಿಗುತ್ತವೆ.

ಅಂಕಿಗಳು ತಾಳೆಯಾದರೂ ಕೆಲಸ ಮುಗಿಯಲಿಲ್ಲ. ಕಾರ್ಖಾನೆಯಲ್ಲಿ ಆ ಜಾಗವನ್ನು ಯಂತ್ರ ನಯಗೊಳಿಸುವಾಗ ಮುಂದಿನಿಂದ ಹಿಂದಕ್ಕೆ ಸಾಗುವ, ಕೂದಲೆಳೆಯಂಥ ಸಮಾನಾಂತರ ಗೀರುಗಳು ಉಳಿಯುತ್ತವೆ. ಅಂಕಿಗಳನ್ನು ಒತ್ತಿದ್ದು ಈ ಗೀರುಗಳ ಮೇಲೆ. ಹಳೆಯ ಅಂಕಿಗಳನ್ನು ಉಜ್ಜಿ ತೆಗೆದು ಹೊಸದಾಗಿ ಒತ್ತಿದ ಕಡೆ ಆ ಗೀರುಗಳು ಮಾಯವಾಗಿರುತ್ತವೆ, ಇಲ್ಲವೇ ವೃತ್ತಾಕಾರದ ಸಾಣೆಯ ಗುರುತುಗಳಿರುತ್ತವೆ. ಪ್ರಾಮಾಣಿಕ ಎಂಜಿನ್ ರಿಪೇರಿಯಲ್ಲಿ ಬ್ಲಾಕಿನ ಮೇಲ್ಮೈ ಸವರಿದಾಗಲೂ ಗೀರುಗಳು ಹೋಗುವುದುಂಟು, ಆದ್ದರಿಂದ ಗೀರಿಲ್ಲದ್ದೆಲ್ಲ ಮೋಸವೆಂದಲ್ಲ. ಆದರೆ ಗೀರೂ ಇಲ್ಲದೆ ದಾಖಲೆಯೂ ಇಲ್ಲದ ಕಾರಿಗೆ ಅಪ್ಪಟ ಕಾರಿನ ಬೆಲೆ ಕೊಡಬೇಡಿ. ಒಂದು ಸಣ್ಣ ಟಾರ್ಚು, ಬಟ್ಟೆಚೂರು ಮತ್ತು ಫೋನಿನ ಕ್ಯಾಮೆರಾ ಸಾಕು. ಆಲ್ಟರ್ನೇಟರಿನ ಹಿಂದೆ ಗ್ರೀಸು ಮೆತ್ತಿಕೊಂಡಿರುವ ಆ ಜಾಗವನ್ನು ಒರೆಸಿ ನೋಡುತ್ತೇನೆಂದಾಗ ಮಾರುವವರು ಸಲ್ಲದ ನೆಪ ಹೇಳಿದರೆ ಅಲ್ಲಿಂದ ಮುಂದೆ ನಡೆಯುವುದೇ ಲೇಸು.

ಕಾಗದಗಳ ವಿಷಯಕ್ಕೆ ಬಂದರೆ, 1970ರ ಷೆವೆಲ್ ನಿಜವಾದ ಎಸ್‌ಎಸ್ ಎಂದು ತೋರಿಸಬಲ್ಲ ಮುಖ್ಯ ದಾಖಲೆಯೆಂದರೆ ಬಿಲ್ಡ್ ಶೀಟ್. ಜೋಡಣೆಯ ಸಾಲಿನಲ್ಲಿ ಕೆಲಸಗಾರರಿಗೆ ಯಾವ ಕಾರಿಗೆ ಏನು ಹಾಕಬೇಕೆಂದು ತಿಳಿಸುತ್ತಿದ್ದ ಆ ಹಾಳೆ ಪೆಟ್ರೋಲ್ ಟ್ಯಾಂಕಿನ ಮೇಲೋ ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆಯೋ ಉಳಿದುಕೊಂಡಿರುತ್ತದೆ. ಅದರಲ್ಲಿ ವಿನ್ ಇದೆ, ಜೊತೆಗೆ ಎಂಜಿನ್ ಮತ್ತು ಆಪ್ಷನ್ನುಗಳ ಸಂಕೇತಗಳೂ ಇವೆ. ಐವತ್ತು ವರ್ಷ ಸೀಟಿನಡಿ ಇದ್ದ ಹಾಳೆಯ ಮೇಲೆ ಸ್ಪ್ರಿಂಗಿನ ತುಕ್ಕು ಸುರುಳಿಯಾಕಾರದಲ್ಲಿ ಮೂಡಿರುತ್ತದೆ, ಮಡಿಕೆಗಳಲ್ಲಿ ಕಾಗದ ಪುಡಿಯಾಗುತ್ತಿರುತ್ತದೆ. ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಹಳದಿ ಮಾಡಿದ ಹಾಳೆಯಲ್ಲಿ ಬಣ್ಣ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ವಾರಂಟಿ ಪುಸ್ತಕದೊಳಗೆ ಅಂಟಿಸಿ ಕೊಡುತ್ತಿದ್ದ ಪ್ರೊಟೆಕ್ಟ್-ಓ-ಪ್ಲೇಟ್ ಎಂಬ ಪುಟ್ಟ ಲೋಹದ ಬಿಲ್ಲೆಯೂ ಒಳ್ಳೆಯ ಸಾಕ್ಷಿಯೇ, ಆದರೆ ಅದರ ನಕಲನ್ನೂ ಮಾಡಿಸಬಹುದು. ಒಂದೇ ದಾಖಲೆಯನ್ನು ನೆಚ್ಚಿಕೊಳ್ಳದೆ ಒಂದನ್ನು ಇನ್ನೊಂದರೊಡನೆ ತಾಳೆ ಹಾಕಿ ನೋಡುವುದೇ ಸರಿಯಾದ ಕ್ರಮ. ಕಾರ್‌ಫ್ಯಾಕ್ಸ್‌ನಂಥ ಇತಿಹಾಸದ ವರದಿಗಳು ಇಲ್ಲಿ ನೆರವಿಗೆ ಬರುವುದಿಲ್ಲ. ಅವು 1981ರಿಂದ ಜಾರಿಗೆ ಬಂದ ಹದಿನೇಳು ಅಕ್ಷರಗಳ ವಿನ್‌ಗೆ ಮಾತ್ರ ಅನ್ವಯಿಸುತ್ತವೆ.

ಷೆವೆಲ್ಲೇ ಆಗಬೇಕೆಂಬ ಹಟವಿಲ್ಲದಿದ್ದರೆ, ಅಸಲಿತನವನ್ನು ಪರೀಕ್ಷಿಸಲು ಸುಲಭವಾದ ಕಾರುಗಳಿವೆ. ಪಾಂಟಿಯಾಕ್ ಕಂಪನಿಯ ಹಳೆಯ ದಾಖಲೆಗಳು ಉಳಿದುಕೊಂಡಿದ್ದು, ಜಿಟಿಓ ಕಾರಿನ ವಿನ್ ಕೊಟ್ಟು ಶುಲ್ಕ ತೆತ್ತರೆ ಪಾಂಟಿಯಾಕ್ ಹಿಸ್ಟಾರಿಕಲ್ ಸರ್ವಿಸಸ್‌ನಿಂದ ಆ ಕಾರಿನ ಮೂಲ ವಿವರ ದೊರೆಯುತ್ತದೆ. ಫೋರ್ಡ್ ಕಾರುಗಳಿಗೆ, 1967ರ ಮಾಡೆಲ್‌ನಿಂದೀಚೆಗೆ, ಅಂಥದೇ ವಿವರ ಕೊಡುವ ಮಾರ್ಟಿ ರಿಪೋರ್ಟ್ ಇದೆ. ಕ್ರೈಸ್ಲರ್ ಕಾರುಗಳಲ್ಲಿ ವಿನ್‌ನ ಐದನೆಯ ಅಕ್ಷರವೇ ಎಂಜಿನ್ನನ್ನು ಹೇಳಿಬಿಡುತ್ತದೆ: 1970ರ ಬ್ಯಾರಕೂಡಾದಲ್ಲಿ ಅಲ್ಲಿ R ಇದ್ದರೆ 426 ಹೆಮಿ ಎಂಜಿನ್, V ಇದ್ದರೆ ಮೂರು ಕಾರ್ಬ್ಯುರೇಟರಿನ 440. ಷೆವರ್ಲೆಯಲ್ಲಿ ಇಂಥ ಮೂಲ ದಾಖಲೆ ಪಡೆಯುವ ಸೌಲಭ್ಯ ಇರುವುದು ಕೆನಡಾದಲ್ಲಿ ಮೊದಲು ಮಾರಾಟವಾದ ಕಾರುಗಳಿಗೆ ಮಾತ್ರ. ಜನರಲ್ ಮೋಟರ್ಸ್‌ನ ಕೆನಡಾ ಶಾಖೆ ಅವುಗಳ ದಾಖಲೆ ಕೊಡುತ್ತ ಬಂದಿದೆ. ನನ್ನನ್ನು ಕೇಳಿದರೆ, ನಿಮ್ಮ ಬಜೆಟ್ಟಿಗೆ ದಾಖಲೆಯಿಲ್ಲದ 1970ರ ಎಸ್‌ಎಸ್ 454ಗಿಂತ 138 ವಿನ್‌ನ 1967 ಅಥವಾ 1968ರ ಎಸ್‌ಎಸ್ 396 ಹೆಚ್ಚು ಸುರಕ್ಷಿತ. ಅದು ಅಷ್ಟು ಆರ್ಭಟಿಸುವುದಿಲ್ಲ ಎಂಬುದು ನಿಜ.

ಕಾರಿನ ಗಾಜಿನ ಮೇಲೆ ಅಂಟಿಸುವ ವಿವರಣೆಯ ಚೀಟಿಯನ್ನು ಕರಾರುಪತ್ರ ಓದುವಂತೆ ಓದಬೇಕು. ‘ಟ್ರಿಬ್ಯೂಟ್’, ‘ಕ್ಲೋನ್’ ಎಂದು ಬರೆದಿದ್ದರೆ ಅದು ನಕಲೆಂದು ಒಪ್ಪಿಕೊಂಡಂತೆ. ಅದರಲ್ಲಿ ತಪ್ಪೇನೂ ಇಲ್ಲ, ಬೆಲೆ ಅದಕ್ಕೆ ತಕ್ಕಂತಿದ್ದರೆ ಓಡಿಸಲು ಅದೇ ಒಳ್ಳೆಯದು. ತೊಂದರೆ ಇರುವುದು ‘454 ಎಂಜಿನ್, ಎಸ್‌ಎಸ್ ಬ್ಯಾಡ್ಜ್‌ಗಳು, ಎಸ್‌ಎಸ್ ಚಕ್ರಗಳು’ ಎಂದು ಬಿಡಿಬಿಡಿಯಾಗಿ ಎಣಿಸಿ, ಇದು ಎಸ್‌ಎಸ್ ಎಂದು ಎಲ್ಲಿಯೂ ಹೇಳದ ಚೀಟಿಯಲ್ಲಿ. ಪ್ರತಿಯೊಂದು ಪದವೂ ಸತ್ಯ, ಒಟ್ಟಿನಲ್ಲಿ ಮೂಡುವ ಭಾವನೆ ಮಾತ್ರ ಸುಳ್ಳು. ಮೈಲಿಗಳ ಲೆಕ್ಕವೂ ಹೀಗೆಯೇ: ಆ ಕಾಲದ ಓಡೋಮೀಟರಿನಲ್ಲಿ ಪೂರ್ಣ ಮೈಲಿಗೆ ಐದೇ ಅಂಕಿಗಳಿದ್ದುದರಿಂದ 42,000 ಎಂಬುದು 1,42,000 ಕೂಡ ಇರಬಹುದು. ಹರಾಜು ಸಂಸ್ಥೆ ಕಾರಿನ ಮಾಲೀಕನಲ್ಲ, ಮಧ್ಯವರ್ತಿ ಮಾತ್ರ. ವಿವರಣೆ ಮಾರುವವರದು ಎಂದು ಷರತ್ತುಗಳಲ್ಲಿ ಬರೆದಿರುತ್ತದೆ. ಕಾರನ್ನು ಇದ್ದ ಸ್ಥಿತಿಯಲ್ಲಿ, ಇದ್ದ ಜಾಗದಲ್ಲಿ ಮಾರಲಾಗುತ್ತದೆ ಎಂಬ ಷರತ್ತಿಗೆ ನೋಂದಣಿಯ ಹೊತ್ತಿನಲ್ಲಿಯೇ ನಿಮ್ಮ ಸಹಿ ಬಿದ್ದಿರುತ್ತದೆ. ಬಹುತೇಕ ರಾಜ್ಯಗಳು ಅಂಗೀಕರಿಸಿರುವ ವಾಣಿಜ್ಯ ಸಂಹಿತೆಯ ಪ್ರಕಾರ ಹರಾಜುಗಾರರ ಸುತ್ತಿಗೆ ಬೀಳುವವರೆಗೆ ನಿಮ್ಮ ಕೂಗನ್ನು ನೀವು ಹಿಂತೆಗೆದುಕೊಳ್ಳಬಹುದು. ಬಿದ್ದ ಮರುಕ್ಷಣ ಕರಾರು ಪೂರ್ಣ. ಉದ್ದೇಶಪೂರ್ವಕ ವಂಚನೆಗೆ ಕಾನೂನಿನಲ್ಲಿ ಪರಿಹಾರವಿದ್ದರೂ, ಬೇರೆ ರಾಜ್ಯದ ನ್ಯಾಯಾಲಯದಲ್ಲಿ ಅದನ್ನು ಸಾಬೀತುಪಡಿಸಲು ತಗಲುವ ವೆಚ್ಚ ಕಾರಿನ ಬೆಲೆಯನ್ನೇ ನುಂಗಬಲ್ಲದು.

ವಿನ್ ಒತ್ತಿರುವ ಲೋಹದ ಪಟ್ಟಿಯ ಬಗ್ಗೆ ಒಂದು ಪ್ರತ್ಯೇಕ ಎಚ್ಚರಿಕೆ ಬೇಕು. ಇಂಡಿಯಾನಾದ ಡೀಲರೊಬ್ಬರಿಂದ 1959ರ ಕೊರ್ವೆಟ್ ಕೊಂಡ ಕಾನ್ಸಾಸ್ ರಾಜ್ಯದ ವ್ಯಕ್ತಿಯೊಬ್ಬರು 2017ರಲ್ಲಿ ನೋಂದಣಿಗೆ ಹೋದಾಗ, ಅದರ ವಿನ್ ಪಟ್ಟಿಯನ್ನು ಹಿಂದೆಂದೋ ದುರಸ್ತಿಗಾಗಿ ಬಿಚ್ಚಿ ಮತ್ತೆ ಬಡಿದಿದ್ದಾರೆಂಬ ಕಾರಣಕ್ಕೆ ಪೊಲೀಸರು ಕಾರನ್ನು ವಶಪಡಿಸಿಕೊಂಡರು. ಕೊಂಡವರದು ಯಾವ ತಪ್ಪೂ ಇರಲಿಲ್ಲ. ಆದರೂ ಅಲ್ಲಿನ ಕಾನೂನು ಅಂಥ ಕಾರನ್ನು ನಾಶಪಡಿಸಬೇಕೆಂದು ಹೇಳುತ್ತಿತ್ತು. 2022ರಲ್ಲಿ ಶಾಸನಸಭೆ ಆ ಕಾನೂನನ್ನು ತಿದ್ದಿದ ಮೇಲೆಯೇ ಕಾರು ಮಾಲೀಕರ ಕೈಸೇರಿದ್ದು. ನಿಮ್ಮ ಷೆವೆಲ್‌ನಲ್ಲಿ ಪಟ್ಟಿ ಡ್ಯಾಶ್‌ಬೋರ್ಡಿನ ಎಡಮೂಲೆಯಲ್ಲಿ, ಗಾಜಿನ ಮೂಲಕ ಕಾಣುವಂತಿರುತ್ತದೆ. ರಿವೆಟ್ಟುಗಳ ತಲೆ ಸಣ್ಣ ಹೂವಿನ ಆಕಾರದಲ್ಲಿರಬೇಕು. ಅಂಗಡಿಯಲ್ಲಿ ಸಿಗುವ ಮಾಮೂಲಿ ರಿವೆಟ್ಟು ಅಥವಾ ಸ್ಕ್ರೂ ಕಂಡರೆ ಆ ಕಾರು ಬೇಡ. ಮಾಲೀಕತ್ವದ ಪತ್ರವಾದ ಟೈಟಲ್‌ನಲ್ಲಿರುವ ಸಂಖ್ಯೆಯನ್ನು ಒಂದೊಂದಾಗಿ ಈ ಪಟ್ಟಿಯೊಡನೆ ಹೋಲಿಸಿ ನೋಡಿ, ಟೈಟಲ್ ಆಮೇಲೆ ಬರುತ್ತದೆ ಎಂದರೆ ಯಾವಾಗ, ಯಾರ ಹೆಸರಿನಿಂದ ಎಂಬುದನ್ನು ಹರಾಜು ಸಂಸ್ಥೆಯಿಂದ ಬರೆಸಿಕೊಳ್ಳಿ.

ಬಾಡಿಯ ಪರೀಕ್ಷೆಗೆ ನಮ್ಮ ಗಾದೆಯೇ ಸಾಕು: ಮೇಲೆ ಥಳಕು, ಒಳಗೆ ಹುಳುಕು. ಹಿಮಕ್ಕೆ ಉಪ್ಪು ಚೆಲ್ಲುವ ಉತ್ತರದ ರಾಜ್ಯಗಳಲ್ಲಿ ಬದುಕಿದ ಷೆವೆಲ್‌ಗೆ ಹಿಂಚಕ್ರದ ಹಿಂದಿನ ಕೆಳಮೈ, ಡಿಕ್ಕಿಯ ನೆಲ, ಹಿಂಗಾಜಿನ ಕೆಳಗಿನ ತೊಟ್ಟಿ, ಹಿಂಚಕ್ರಗಳ ಬಳಿಯ ಷಾಸಿ ಇವು ತುಕ್ಕಿನ ಖಾಯಂ ನೆಲೆಗಳು. ವಿನೈಲ್ ಹೊದಿಕೆಯ ಮೇಲ್ಛಾವಣಿ ನೀರನ್ನು ಹಿಡಿದಿಡುತ್ತದೆ. ಹೊದಿಕೆಯ ಅಂಚಿನಲ್ಲಿ ಗುಳ್ಳೆಗಳಿದ್ದರೆ ಕೆಳಗಿನ ತಗಡು ಹೋಗಿದೆ ಎಂದೇ ತಿಳಿಯಿರಿ. ಬಣ್ಣದ ದಪ್ಪ ಅಳೆಯುವ ಮೀಟರು ಒಯ್ಯಿರಿ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ, ಮತ್ತೆ ಬಣ್ಣ ಹೊಡೆಸಿದ್ದರೆ ಅದರ ಎರಡು ಮೂರು ಪಟ್ಟು ತೋರಿಸುತ್ತದೆ. 1,000 ದಾಟಿದರೆ ಅದು ಬಣ್ಣವಲ್ಲ, ಪುಟ್ಟಿ. ಅಡಿಭಾಗಕ್ಕೆ ಹರಾಜಿನ ಮುನ್ನ ಹೊಸದಾಗಿ ಬಳಿದ ಕಪ್ಪು ಲೇಪ ಕಂಡರೆ ಅದನ್ನು ಕಾಳಜಿಯ ಗುರುತೆಂದು ನಾನು ಎಣಿಸುವುದಿಲ್ಲ.

ಯಂತ್ರದ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಹರಾಜಿನಲ್ಲಿ ಕಾರನ್ನು ಓಡಿಸಿ ನೋಡಲು ಬಿಡುವುದಿಲ್ಲ. ವೇದಿಕೆಗೆ ಅದು ತಾನಾಗಿ ಓಡಿಬರುವುದನ್ನಷ್ಟೇ ನೋಡಬಹುದು. ಆದ್ದರಿಂದ ಬೆಳಿಗ್ಗೆ ಬೇಗ ಹೋಗಿ, ಎಂಜಿನ್ ತಣ್ಣಗಿರುವಾಗ ಮೊದಲ ಸಲ ಸ್ಟಾರ್ಟ್ ಮಾಡುವುದನ್ನು ಕೇಳಿಸಿಕೊಳ್ಳಿ, ಹೊಗೆಯ ಬಣ್ಣ ನೋಡಿ. ಟೈರಿನ ಪಕ್ಕದಲ್ಲಿ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿಗಳು 2309 ಎಂದಿದ್ದರೆ ಅದು 2009ರ 23ನೇ ವಾರದ ಟೈರು. ಎಷ್ಟೇ ಕಪ್ಪಗೆ ಮಿಂಚುತ್ತಿದ್ದರೂ ಅದರ ಮೇಲೆ ಮನೆಗೆ ಓಡಿಸಿಕೊಂಡು ಬರಬೇಡಿ. ಎಲ್‌ಎಸ್6 ಎಂಜಿನ್ನಿನ ಸಂಕೋಚನ ಅನುಪಾತ 11.25ಕ್ಕೆ 1, ಇಂದಿನ ಬಂಕಿನ 93 ಆಕ್ಟೇನ್ ಪೆಟ್ರೋಲು ಅದಕ್ಕೆ ಸಾಲದೆ ಎಂಜಿನ್ ನಾಕಿಂಗ್ (ಒಳಗೆ ಬಡಿದಂಥ ಸದ್ದು) ಮಾಡಬಹುದು.

ಇನ್ನು ಹಣದ ಲೆಕ್ಕ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವರ ಪ್ರೀಮಿಯಂ ಎಂದು ಸಾಮಾನ್ಯವಾಗಿ ಶೇಕಡಾ 10ರಷ್ಟು ಸೇರುತ್ತದೆ, ಆನ್‌ಲೈನಿನಲ್ಲಿ ಕೂಗಿದರೆ ಅದಕ್ಕಿಂತ ಹೆಚ್ಚು. ಹಾಲಿವುಡ್ ನಟ ಸ್ಟೀವ್ ಮೆಕ್ವೀನ್ ಸಿನಿಮಾದಲ್ಲಿ ಓಡಿಸಿದ 1968ರ ಮಸ್ಟಾಂಗ್ 2020ರ ಜನವರಿಯಲ್ಲಿ ಇದೇ ಕಿಸಿಮ್ಮಿಯಲ್ಲಿ 34 ಲಕ್ಷ ಡಾಲರಿಗೆ ನಿಂತಿತು. ಕೊಂಡವರು ತೆತ್ತದ್ದು 37 ಲಕ್ಷ 40 ಸಾವಿರ. ನಿಮ್ಮ ಕೂಗು 90,000ಕ್ಕೆ ನಿಂತರೆ ಪ್ರೀಮಿಯಂ ಸೇರಿ 99,000 ಆಗುತ್ತದೆ, ಅದರ ಮೇಲೆ ನ್ಯೂಜೆರ್ಸಿಯ ಶೇಕಡಾ 6.625ರ ತೆರಿಗೆ ಸೇರಿದರೆ 1,05,558 ಡಾಲರ್ ದಾಟುತ್ತದೆ. ಟ್ರಕ್ಕಿನ ಸಾಗಾಣಿಕೆ ಬೇರೆ. ಹಿಮ್ಮುಖವಾಗಿ ಲೆಕ್ಕ ಹಾಕಿ: 68,000ಕ್ಕೆ ನಿಲ್ಲಿಸಿದರೆ ಪ್ರೀಮಿಯಂ ಮತ್ತು ತೆರಿಗೆ ಸೇರಿ 79,755 ಆಗುತ್ತದೆ, ಉಳಿದ ಹತ್ತು ಸಾವಿರದಲ್ಲಿ ಸಾಗಾಣಿಕೆ, ಟೈರು, ಬ್ರೇಕು, ಇಂಧನದ ರಬ್ಬರ್ ಕೊಳವೆಗಳು ಇವನ್ನೆಲ್ಲ ಪೂರೈಸಬಹುದು. ಆದ್ದರಿಂದ ನಿಮ್ಮ ನಿಜವಾದ ಮಿತಿ 68,000 ಎಂದು ಚೀಟಿಯಲ್ಲಿ ಬರೆದು ಮನೆಯವರ ಕೈಗೆ ಕೊಟ್ಟು ಕೂರುವುದು ಒಳ್ಳೆಯದು. ಕಿಸಿಮ್ಮಿಯಲ್ಲಿ ಸುಮಾರು 4,000 ವಾಹನಗಳು ಸಾಲುಗಟ್ಟಿರುತ್ತವೆ, ಒಂದೊಂದಕ್ಕೂ ಸಿಗುವುದು ಕೆಲವೇ ನಿಮಿಷ. ದೀಪ, ಟೀವಿ ಕ್ಯಾಮೆರಾ, ಕೂಗುವವರ ಲಯ ಎಲ್ಲವೂ ನಿಮ್ಮ ಕೈಯನ್ನು ಮೇಲೆತ್ತಿಸಲೆಂದೇ ಇವೆ. ಕನಿಷ್ಠ ಬೆಲೆ ನಿಗದಿಯಾಗಿರುವ ಕಾರಿಗೆ ಆ ಬೆಲೆ ಮುಟ್ಟುವವರೆಗೆ ಮಾರುವವರ ಪರವಾಗಿ ಹರಾಜುಗಾರರೇ ಕೂಗು ಸೇರಿಸಲು ಷರತ್ತುಗಳಲ್ಲಿ ಅವಕಾಶ ಇರುವುದುಂಟು. ನಿಮ್ಮೊಡನೆ ಪೈಪೋಟಿಗಿಳಿದಿರುವುದು ಕೆಲವೊಮ್ಮೆ ಯಾವ ಮನುಷ್ಯನೂ ಅಲ್ಲ. ಗೆದ್ದ ಕೂಡಲೇ, ಕಾರು ಅಂಗಳ ಬಿಡುವ ಮೊದಲು, ಒಪ್ಪಿದ ಮೌಲ್ಯದ ವಿಮೆ ಮಾಡಿಸಿ. ಮಾಮೂಲಿ ವಿಮೆಯಲ್ಲಿ ಸವಕಳಿ ಕಳೆದು ಕೊಡುವ ಮೊತ್ತ ಇಂಥ ಕಾರಿಗೆ ಏನೂ ಅಲ್ಲ.

ಬೆಂಗಳೂರಿಗೆ ತರುವ ಬಗ್ಗೆ: ಮೊದಲು ಭಾರತಕ್ಕೆ 1950ಕ್ಕಿಂತ ಹಿಂದಿನ ವಾಹನಗಳಿಗೆ ಮಾತ್ರ ಇದ್ದ ವಿಂಟೇಜ್ ಆಮದಿನ ಅವಕಾಶವನ್ನು 2025ರಲ್ಲಿ ಐವತ್ತು ವರ್ಷ ದಾಟಿದ ವಾಹನಗಳಿಗೆ ವಿಸ್ತರಿಸಲಾಗಿದೆ, ಆದ್ದರಿಂದ 1970ರ ಕಾರು ಆ ಮಿತಿಯೊಳಗೆ ಬರುತ್ತದೆ. ಆದರೆ ಆಮದು ಸುಂಕ ಬಹಳ ಭಾರಿಯಾದದ್ದು, ಕಸ್ಟಮ್ಸ್ ಏಜೆಂಟರಿಂದ ಬರಹದಲ್ಲಿ ಲೆಕ್ಕ ಪಡೆಯದೆ ಹಡಗಿಗೇರಿಸಬೇಡಿ. 2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕವಿದೆ, ಅದು ಹತ್ತು ವರ್ಷ ಊರ್ಜಿತ, ನಂಬರ್ ಪ್ಲೇಟಿನಲ್ಲಿ ವಿಎ ಎಂಬ ಅಕ್ಷರಗಳಿರುತ್ತವೆ, ಮತ್ತು ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಗಮನಿಸಬೇಕಾದದ್ದೇನೆಂದರೆ, ಷಾಸಿ, ಬಾಡಿ, ಎಂಜಿನ್ ಇವು ಗಣನೀಯವಾಗಿ ಬದಲಾಗದೆ ಮೂಲರೂಪದಲ್ಲಿ ಉಳಿದಿರಬೇಕೆಂದು ಆ ನಿಯಮವೂ ಕೇಳುತ್ತದೆ. ಮಾಲಿಬುವಿಗೆ 454 ಕೂರಿಸಿದ ಕಾರು ಅಮೆರಿಕದಲ್ಲಿ ನಿಮ್ಮ ಹಣ ಕಳೆದರೆ, ಇಲ್ಲಿ ನೋಂದಣಿಗೇ ಅಡ್ಡಿಯಾಗಬಹುದು.

ಕೊನೆಯದಾಗಿ, ವೇದಿಕೆಯ ಮೇಲೆಯೇ ಕೊಳ್ಳಬೇಕೆಂದೇನೂ ಇಲ್ಲ. ಕನಿಷ್ಠ ಬೆಲೆ ಮುಟ್ಟದೆ ಕೆಳಗಿಳಿದ ಕಾರುಗಳ ಮಾಲೀಕರೊಡನೆ ಹರಾಜು ಸಂಸ್ಥೆಯ ಮೂಲಕವೇ ಆಮೇಲೆ ಮಾತುಕತೆ ನಡೆಸಬಹುದು. ಪ್ರೀಮಿಯಂ ಆಗಲೂ ತಪ್ಪುವುದಿಲ್ಲ, ಆದರೆ ಗಡಿಬಿಡಿ ಇರುವುದಿಲ್ಲ. ಕಾರನ್ನು ಮತ್ತೊಮ್ಮೆ ನೋಡಲು, ಷೆವರ್ಲೆಯ ಎಂಜಿನ್ ಮುದ್ರೆಗಳನ್ನು ಬಲ್ಲ ಪರೀಕ್ಷಕರೊಬ್ಬರನ್ನು ಶುಲ್ಕ ಕೊಟ್ಟು ಕರೆತರಲು, ಹೇಳಿದ ಮಾತನ್ನು ಮಾರುವವರಿಂದ ಬರಹದಲ್ಲಿ ಪಡೆಯಲು ಆಗ ಸಮಯ ಸಿಗುತ್ತದೆ. ಮಾರಾಟವಾಗದ ಕಾರನ್ನು ಮತ್ತೆ ಟ್ರೇಲರಿಗೇರಿಸಿ ಸಾವಿರ ಮೈಲಿ ಹಿಂದಕ್ಕೊಯ್ಯಬೇಕಾದ ಮಾಲೀಕರು ಬೆಳಿಗ್ಗೆಗಿಂತ ಸಂಜೆ ಬೆಲೆಯಲ್ಲಿ ಹೆಚ್ಚು ಮೆತ್ತಗಾಗಿರುತ್ತಾರೆ. ನಿಮ್ಮ ಪಟ್ಟಿಯಲ್ಲಿರುವ ಕಾರುಗಳ ಲಾಟ್ ಸಂಖ್ಯೆಗಳನ್ನು ಮೊದಲೇ ಬರೆದಿಟ್ಟುಕೊಂಡು, ಮಾರಾಟವಾಗದೆ ಉಳಿದವು ಯಾವುವೆಂದು ದಿನದ ಕೊನೆಗೆ ವಿಚಾರಿಸಿ.